ಇಳಿಯಲು ಮೂರು ನಿಮಿಷ, ಏರಲು ಒಂದು ಗಂಟೆ

ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಬ್ಯಾಟಿಕಲೋವಾ ಎಂಬ ಊರಿದೆ. ಅಲ್ಲಿನ ತಮಿಳರ ಬಾಯಲ್ಲಿ ಅದು ಮಟ್ಟಕ್ಕಳಪ್ಪು. ಈಶಾನ್ಯ ಮಾರುತದ ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ, ಬೆಳಗಿನ ಹೊತ್ತು ಅಲ್ಲಿಂದ ಹೊರಡುವ ಕೆಲವು ದೋಣಿಗಳಲ್ಲಿ ಬಲೆಗಳಿರುವುದಿಲ್ಲ. ಬಲೆಗಳ ಬದಲು ಲೋಹದ ಸಿಲಿಂಡರುಗಳಿರುತ್ತವೆ. ಅವುಗಳ ನಡುವೆ ರಬ್ಬರಿನ ಉಡುಪು ತೊಟ್ಟ ನಾಲ್ಕಾರು ಮುಳುಗುಗಾರರು ಕುಳಿತಿರುತ್ತಾರೆ. ದಡದಿಂದ ಸುಮಾರು ಒಂಬತ್ತು ಕಿಲೋಮೀಟರ್ ಹೋದ ಮೇಲೆ ದೋಣಿ ನಿಲ್ಲುತ್ತದೆ. ಸುತ್ತ ನೀಲಿ ನೀರು ಬಿಟ್ಟರೆ ಏನೂ ಕಾಣದು. ನೀರು ಹಿತವಾಗಿ ಬೆಚ್ಚಗಿದೆ, ಸುಮಾರು 28 ಡಿಗ್ರಿ ಸೆಲ್ಸಿಯಸ್. ಆದರೆ ಅಲ್ಲಿಂದ ನೇರ ಕೆಳಗೆ, 53 ಮೀಟರ್ ಆಳದ ಮರಳಿನ ಮೇಲೆ, 183 ಮೀಟರ್ ಉದ್ದದ ಒಂದು ಯುದ್ಧನೌಕೆ ಎಡಮಗ್ಗುಲಾಗಿ ಬಿದ್ದುಕೊಂಡಿದೆ. ಅದರ ಹೆಸರು ಎಚ್.ಎಂ.ಎಸ್. ಹರ್ಮಿಸ್.

ಐವತ್ಮೂರು ಮೀಟರ್ ಎಂದರೆ ನೆಲದ ಮೇಲೆ ದೊಡ್ಡ ದೂರವೇನಲ್ಲ. ಶಾಲೆಯ ಆಟದ ಮೈದಾನದ ಅರ್ಧದಷ್ಟು. ಓಡಿದರೆ ಹತ್ತು ಸೆಕೆಂಡು. ಕಡಲಿನಲ್ಲಿ ಅದೇ ಐವತ್ಮೂರು ಮೀಟರನ್ನು ಕೆಳಮುಖವಾಗಿ ಕ್ರಮಿಸಲು ಮುಳುಗುಗಾರನಿಗೆ ಮೂರು ನಿಮಿಷ ಸಾಕು. ಕೆಳಗೆ ಅವನು ಇಪ್ಪತ್ತು ನಿಮಿಷವನ್ನಷ್ಟೇ ಕಳೆದರೂ ಮೇಲೆ ಬರಲು ಮಾತ್ರ ಸುಮಾರು ಒಂದು ಗಂಟೆ ಬೇಕು. ಯಾರೂ ಅವನನ್ನು ತಡೆಯುತ್ತಿಲ್ಲ, ತಲೆ ಎತ್ತಿದರೆ ದೋಣಿಯ ತಳ ಕಾಣುತ್ತಿರುತ್ತದೆ. ಆದರೂ ಅವನು ಹಗ್ಗ ಹಿಡಿದು ನೀರಿನ ನಡುವೆ ಕಾಯುತ್ತಾನೆ. ಏಕೆ ಕಾಯಬೇಕು ಎಂಬುದರ ಉತ್ತರ ಹೈಸ್ಕೂಲಿನ ವಿಜ್ಞಾನದ ಎರಡು ನಿಯಮಗಳಲ್ಲಿದೆ. ಆ ಎರಡು ನಿಯಮಗಳಿಂದ ಕಾಯುವ ಲೆಕ್ಕವನ್ನು ಹೊರತೆಗೆಯಲು ಮಾತ್ರ ಹಲವರು ತಮ್ಮ ಮೈಯನ್ನೇ ತೆರಬೇಕಾಯಿತು.

ಮೊದಲು ಹಡಗಿನ ಕತೆ. ಹರ್ಮಿಸ್‌ನ ಕಟ್ಟಣೆ 1918ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. 1919ರಲ್ಲಿ ಅದು ನೀರಿಗಿಳಿಯಿತು, 1924ರಲ್ಲಿ ನೌಕಾಪಡೆಯನ್ನು ಸೇರಿತು. ವಿಮಾನಗಳನ್ನು ಹೊತ್ತ ಹಡಗುಗಳು ಅದಕ್ಕೆ ಮೊದಲೂ ಇದ್ದವು. ಆದರೆ ಅವೆಲ್ಲ ಬೇರೆ ಕೆಲಸಕ್ಕೆಂದು ಕಟ್ಟಿ ಆಮೇಲೆ ಮಾರ್ಪಡಿಸಿದವು. ನಕ್ಷೆ ಬರೆಯುವಾಗಲೇ ‘ಇದು ವಿಮಾನವಾಹಕ ನೌಕೆ’ ಎಂದು ನಿರ್ಧರಿಸಿ ಕಟ್ಟತೊಡಗಿದ ಮೊದಲ ಹಡಗು ಹರ್ಮಿಸ್. (ಕೆಲಸ ಕುಂಟುತ್ತ ಸಾಗಿದ್ದರಿಂದ, ತಡವಾಗಿ ಆರಂಭವಾದ ಜಪಾನಿನ ಹೋಶೋ 1922ರಲ್ಲೇ ಸೇವೆಗೆ ಸೇರಿಬಿಟ್ಟಿತು. ದೊಡ್ಡ ಯೋಜನೆಗಳು ಕುಂಟುವುದು ನಮ್ಮಲ್ಲಿ ಮಾತ್ರವಲ್ಲ.)

1942ರ ಏಪ್ರಿಲ್. ಹಿಂದಿನ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಎರಗಿದ್ದ ಜಪಾನಿನ ನೌಕಾಬಲ ಅದೇ ನಗುಮೋನ ನೇತೃತ್ವದಲ್ಲಿ ಹಿಂದೂ ಮಹಾಸಾಗರಕ್ಕೆ ನುಗ್ಗಿತು. ಏಪ್ರಿಲ್ 5ರಂದು ಕೊಲಂಬೊ ಮೇಲೆ ಬಾಂಬು ಬಿತ್ತು. ಮರುದಿನ ಇನ್ನೊಂದು ಜಪಾನಿ ತುಕಡಿಯ ವಿಮಾನಗಳು ನಮ್ಮ ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಹಾಕಿದವು. ಮುಂದಿನ ಸರದಿ ತ್ರಿಕೋಣಮಲೆ ಬಂದರಿನದು ಎಂದು ತಿಳಿದ ಬ್ರಿಟಿಷರು, ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳಬಾರದೆಂದು 8ರ ರಾತ್ರಿಯೇ ಹರ್ಮಿಸ್ಸನ್ನೂ ಅದರ ಜೊತೆಗಿದ್ದ ಆಸ್ಟ್ರೇಲಿಯದ ವ್ಯಾಂಪೈರ್ ಎಂಬ ಸಮರನೌಕೆಯನ್ನೂ ಕಡಲಿಗೆ ಕಳಿಸಿದರು. 9ರ ಬೆಳಿಗ್ಗೆ ಜಪಾನಿನ ಗಸ್ತು ವಿಮಾನವೊಂದು ಅವನ್ನು ಕಂಡಿತು. ಆಗ ಹರ್ಮಿಸ್ ಮೇಲೆ ಒಂದೇ ಒಂದು ವಿಮಾನ ಇರಲಿಲ್ಲ, ಎಲ್ಲ ದಡದಲ್ಲಿದ್ದವು. ವಿಮಾನಗಳಿಲ್ಲದ ವಿಮಾನವಾಹಕ ಎಂದರೆ ಬತ್ತಳಿಕೆಯಲ್ಲಿ ಬಾಣವಿಲ್ಲದ ಬಿಲ್ಲುಗಾರ. ಹತ್ತೂವರೆ ದಾಟಿದ ಮೇಲೆ ಎರಗತೊಡಗಿದ ಬಾಂಬರುಗಳು ಸುಮಾರು ಇಪ್ಪತ್ತೇ ನಿಮಿಷಗಳಲ್ಲಿ ಅದನ್ನು ಮುಳುಗಿಸಿದವು. ನೆರವಿಗೆ ಹೊರಟ ಬ್ರಿಟಿಷ್ ವಿಮಾನಗಳು ತಲುಪಿದಾಗ ಅಲ್ಲಿ ಹಡಗೇ ಇರಲಿಲ್ಲ. 307 ಮಂದಿ ಸತ್ತರು. ಹತ್ತಿರದಲ್ಲಿದ್ದ ವೀಟಾ ಎಂಬ ಆಸ್ಪತ್ರೆ ಹಡಗು ಸುಮಾರು 590 ಮಂದಿಯನ್ನು ನೀರಿನಿಂದ ಎತ್ತಿಕೊಂಡಿತು. ವ್ಯಾಂಪೈರ್ ಕೂಡ ಮುಳುಗಿತು.

ಹರ್ಮಿಸ್ ಎಂಬ ಹೆಸರು ಹಿರಿಯ ಓದುಗರಿಗೆ ಬೇರೆ ಕಾರಣಕ್ಕೆ ನೆನಪಿರಬಹುದು. ಮುಳುಗಿದ ನೌಕೆಯ ಹೆಸರನ್ನು ಬ್ರಿಟಿಷರು ಆಮೇಲೆ ಕಟ್ಟಿದ ಇನ್ನೊಂದು ವಿಮಾನವಾಹಕಕ್ಕೆ ಇಟ್ಟರು. 1959ರಲ್ಲಿ ಸೇವೆಗೆ ಸೇರಿದ ಆ ಎರಡನೆಯ ಹರ್ಮಿಸ್ಸೇ 1987ರಲ್ಲಿ ಭಾರತದ ನೌಕಾಪಡೆಗೆ ಬಂದು ಐ.ಎನ್.ಎಸ್. ವಿರಾಟ್ ಆಯಿತು. ಅದು 2017ರವರೆಗೆ ದುಡಿದು, 2020ರಲ್ಲಿ ಗುಜರಾತಿನ ಅಲಂಗ್‌ನ ಹಡಗು ಒಡೆಯುವ ದಡ ಸೇರಿತು. ಹೆಸರು ಹಂಚಿಕೊಂಡ ಎರಡು ಹಡಗುಗಳಲ್ಲಿ ತುಕ್ಕು ಹಿಡಿದು ಬಿದ್ದಿರುವ ಹಳೆಯದೇ ಇಂದಿಗೂ ಉಳಿದಿರುವುದು ವಿಚಿತ್ರ.

ಅದೇ ಏಪ್ರಿಲ್ 9ರಂದು, ಅದೇ ಕರಾವಳಿಯಲ್ಲಿ, ‘ಬ್ರಿಟಿಷ್ ಸಾರ್ಜೆಂಟ್’ ಎಂಬ ತೈಲದ ಹಡಗೂ ಜಪಾನಿ ಬಾಂಬುಗಳಿಗೆ ತುತ್ತಾಯಿತು. ಅದು ಬಿದ್ದಿರುವುದು ಸುಮಾರು 24 ಮೀಟರ್ ಆಳದಲ್ಲಿ. ಒಂದೇ ದಿನ, ಒಂದೇ ಶತ್ರು, ಒಂದೇ ಬೆಚ್ಚನೆಯ ಕಡಲು. ಆದರೆ ಮುಳುಗುಗಾರರ ಪಾಲಿಗೆ ಇವೆರಡೂ ಬೇರೆ ಬೇರೆ ಲೋಕಗಳು. 24 ಮೀಟರಿನ ಹಡಗನ್ನು, ಕೆಲವು ವಾರಗಳ ತರಬೇತಿ ಮತ್ತು ಸ್ವಲ್ಪ ಅನುಭವ ಇರುವ ಹವ್ಯಾಸಿ ನೋಡಿ ಬರಬಹುದು. ಹವ್ಯಾಸಿ ಮುಳುಗುಗಾರರಿಗೆ ತರಬೇತಿ ಸಂಸ್ಥೆಗಳು ಹಾಕಿರುವ ಕೊನೆಯ ಗೆರೆ 40 ಮೀಟರ್. ಹರ್ಮಿಸ್‌ನ ಮರಳು ಆ ಗೆರೆಯಿಂದ 13 ಮೀಟರ್ ಕೆಳಗಿದೆ. ಅಲ್ಲಿಗೆ ಹೋಗುವವರು ವರ್ಷಗಟ್ಟಲೆ ಅಭ್ಯಾಸ ಮಾಡಿದವರು, ಮೂರು ನಾಲ್ಕು ಸಿಲಿಂಡರುಗಳನ್ನು ಕಟ್ಟಿಕೊಂಡು ಹೋಗುವವರು. ಆಳ ದುಪ್ಪಟ್ಟಾದರೆ ತೊಡಕು ದುಪ್ಪಟ್ಟಷ್ಟೇ ಆಗಬೇಕಲ್ಲವೆ? ಅದು ಹಾಗಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ.

ವಿದ್ಯಾರ್ಥಿಗಳು ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಬಹುದು.

ನಮ್ಮ ತಲೆಯ ಮೇಲಿರುವ ಇಡೀ ಗಾಳಿಯ ಹೊರೆ ಸಮುದ್ರಮಟ್ಟದಲ್ಲಿ ಉಂಟುಮಾಡುವ ಒತ್ತಡವನ್ನು ಒಂದು ವಾಯುಭಾರ ಎಂದುಕೊಳ್ಳಿ. ನೀರು ಗಾಳಿಗಿಂತ ಎಷ್ಟೋ ಪಾಲು ಭಾರ. ಹತ್ತು ಮೀಟರ್ ನೀರಿನ ಕಂಬವೇ ಇನ್ನೊಂದು ವಾಯುಭಾರಕ್ಕೆ ಸಮ. ಆದ್ದರಿಂದ ಹತ್ತು ಮೀಟರ್ ಆಳದಲ್ಲಿ ಒಟ್ಟು ಒತ್ತಡ 2, ಇಪ್ಪತ್ತು ಮೀಟರಿನಲ್ಲಿ 3. ತೈಲದ ಹಡಗಿನ ಬಳಿ 3.4. ಹರ್ಮಿಸ್ ಬಳಿ 6.3 ವಾಯುಭಾರ. ಇಷ್ಟು ಒತ್ತಡಕ್ಕೆ ಮನುಷ್ಯ ಅಪ್ಪಚ್ಚಿಯಾಗಬೇಕಲ್ಲ ಎಂದು ಮಕ್ಕಳು ಕೇಳುವುದುಂಟು. ಆಗುವುದಿಲ್ಲ. ನಮ್ಮ ಮೈಯ ಬಹುಪಾಲು ನೀರು. ನೀರನ್ನು ಹಿಂಡಿ ಕುಗ್ಗಿಸಲು ಸುಲಭವಲ್ಲ. ಕುಗ್ಗುವುದು ಮೈಯೊಳಗಿನ ಗಾಳಿ ಮಾತ್ರ: ಶ್ವಾಸಕೋಶದಲ್ಲಿ, ಕಿವಿಯ ಹಿಂದೆ, ಮೂಗಿನ ಆಚೀಚೆಯ ಎಲುಬಿನ ಪೊಳ್ಳುಗಳಲ್ಲಿ ಇರುವ ಗಾಳಿ.

ಇಲ್ಲಿ ಬರುತ್ತಾನೆ ರಾಬರ್ಟ್ ಬಾಯ್ಲ್. ಉಷ್ಣತೆ ಬದಲಾಗದಿದ್ದರೆ ಅನಿಲದ ಗಾತ್ರ ಒತ್ತಡಕ್ಕೆ ವಿಲೋಮವಾಗಿರುತ್ತದೆ ಎಂದು ಅವನು 1662ರಲ್ಲಿ ಪ್ರಕಟಿಸಿದ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುವ ಈ ನಿಯಮ ಮುಳುಗುಗಾರನಿಗೆ ಜೀವದ ಪ್ರಶ್ನೆ. ದೋಣಿಯ ಮೇಲೆ ಆರು ಲೀಟರ್ ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿದು ಹರ್ಮಿಸ್‌ವರೆಗೆ ಇಳಿದವನ ಎದೆಯಲ್ಲಿ ಆ ಗಾಳಿ ಒಂದು ಲೀಟರಿಗಿಂತ ಕಡಿಮೆಯಾಗಿರುತ್ತದೆ. ಅಲ್ಲಿ ಎದೆ ತುಂಬ ಉಸಿರಾಡಬೇಕಾದರೆ ಸುತ್ತಲಿನ ನೀರಿನ ಒತ್ತಡದಷ್ಟೇ ಒತ್ತಡದ ಗಾಳಿಯನ್ನು ಯಾರಾದರೂ ಬಾಯಿಗೆ ಕೊಡಬೇಕು. ಹೆಚ್ಚೂ ಕೊಡಬಾರದು, ಕಡಿಮೆಯೂ ಕೊಡಬಾರದು, ಬೇಕೆಂದಾಗ ಮಾತ್ರ ಕೊಡಬೇಕು.

ಈ ಕೆಲಸ ಮಾಡುವ ಪುಟ್ಟ ಸಾಧನ ರೆಗ್ಯುಲೇಟರ್. ಅದು ಹುಟ್ಟಿದ್ದೂ ಅದೇ ಯುದ್ಧದ ನಡುವೆ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಬರ. ಕಾರುಗಳನ್ನು ಗ್ಯಾಸಿನಿಂದ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು ಒಂದು ಕವಾಟವನ್ನು ರೂಪಿಸಿದ್ದ; ಎಂಜಿನ್ ಎಳೆದಷ್ಟೇ ಗ್ಯಾಸನ್ನು ಅದು ಬಿಡುತ್ತಿತ್ತು. ಎಂಜಿನ್ ಇದ್ದ ಜಾಗದಲ್ಲಿ ಮನುಷ್ಯನ ಎದೆಯನ್ನು ಇಟ್ಟರೆ? ನೌಕಾಪಡೆಯ ಅಧಿಕಾರಿಯಾಗಿದ್ದ ಜಾಕ್ ಕುಸ್ತೋ ಅವನ ಜೊತೆ ಸೇರಿದ. 1943ರಲ್ಲಿ ಅವರ ‘ಆಕ್ವಾಲಂಗ್’ ಸಿದ್ಧವಾಯಿತು. ಅಂದರೆ, ಹರ್ಮಿಸ್ ಮುಳುಗಿದ ಮರುವರ್ಷವೇ ಅದನ್ನು ಹೋಗಿ ನೋಡುವ ದಾರಿಯೂ ತೆರೆಯಿತು.

ಆದರೆ ಈ ಉಪಕಾರಕ್ಕೆ ಬೆಲೆ ಇದೆ. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವ ಮುಳುಗುಗಾರನನ್ನು ತೆಗೆದುಕೊಳ್ಳಿ. ಬೆನ್ನಿನ ಸಿಲಿಂಡರಿನ ಒಳಗಾತ್ರ 12 ಲೀಟರ್, ಅದರಲ್ಲಿ 200 ವಾಯುಭಾರದಲ್ಲಿ ತುರುಕಿದ ಗಾಳಿ. ಬಿಚ್ಚಿ ಹರಡಿದರೆ 2400 ಲೀಟರ್. ದೋಣಿಯ ಮೇಲೆ ಕುಳಿತು ಉಸಿರಾಡಿದರೆ ಅದು ಎರಡು ಗಂಟೆ ಬರುತ್ತದೆ. ತೈಲದ ಹಡಗಿನ ಬಳಿ ಪ್ರತಿ ಉಸಿರೂ 3.4 ಪಟ್ಟು ದಟ್ಟ, ಆದ್ದರಿಂದ ನಿಮಿಷಕ್ಕೆ 68 ಲೀಟರ್ ಖರ್ಚು. 35 ನಿಮಿಷದಲ್ಲಿ ಸಿಲಿಂಡರು ಖಾಲಿ. ಹರ್ಮಿಸ್ ಬಳಿ ನಿಮಿಷಕ್ಕೆ 126 ಲೀಟರ್. ಹತ್ತೊಂಬತ್ತು ನಿಮಿಷ! ಇದರಲ್ಲಿ ಮೇಲೆ ಬರಲು ಬೇಕಾದ ಗಾಳಿಯನ್ನು ಕಳೆದಿಲ್ಲ, ಆಪತ್ತಿಗೆಂದು ಉಳಿಸಬೇಕಾದ್ದನ್ನೂ ಕಳೆದಿಲ್ಲ. ಹೆದರಿದವನು ಇದರ ದುಪ್ಪಟ್ಟು ಉಸಿರಾಡುತ್ತಾನೆ. ಕಡಲಿನ ತಳದಲ್ಲಿ ಧೈರ್ಯವಂತನಿಗಿಂತ ಗಣಿತ ಬಲ್ಲವನೇ ಲೇಸು.

ಇನ್ನೊಂದು ಬೆಲೆ ಕಣ್ಣಿಗೆ ಕಾಣದ್ದು. ಗಾಳಿಯಲ್ಲಿ ನೂರಕ್ಕೆ 79ರಷ್ಟಿರುವುದು ಸಾರಜನಕ. ಅದು ಯಾವ ಉಸಾಬರಿಗೂ ಹೋಗದ ಸಾಧು ಅನಿಲ; ನೆಲದ ಮೇಲೆ ಒಳಗೆ ಹೋದಷ್ಟೇ ಹೊರಗೆ ಬರುತ್ತದೆ. 6.3 ವಾಯುಭಾರದಲ್ಲಿ ಈ ಸಾಧುವಿನ ಸ್ವಭಾವ ಬದಲಾಗುತ್ತದೆ. ಸುಮಾರು 30 ಮೀಟರ್ ಆಳದಿಂದ ಕೆಳಗೆ ಹೋದಂತೆ ಅದು ಮೆದುಳಿಗೆ ಮಂಕು ಕವಿಸುತ್ತದೆ. ಹೆಂಡ ಕುಡಿದವನಂತೆ ಮುಳುಗುಗಾರ ಸುಮ್ಮನೆ ನಗುತ್ತಾನೆ, ಸಿಲಿಂಡರಿನ ಮುಳ್ಳನ್ನು ನೋಡಿಯೂ ಅದರ ಅರ್ಥ ಹೊಳೆಯದೆ ನಿಲ್ಲುತ್ತಾನೆ. ತನಗೆ ಮಂಕು ಕವಿದಿದೆ ಎಂಬುದು ಅವನಿಗೆ ಗೊತ್ತಾಗದಿರುವುದೇ ಇದರ ಕೆಟ್ಟ ಗುಣ. ಅದಕ್ಕಾಗಿ ಹರ್ಮಿಸ್‌ನಂಥ ಆಳಕ್ಕೆ ಹೋಗುವವರು ಸಾರಜನಕದ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಹೀಲಿಯಂ ಸೇರಿಸಿದ ಮಿಶ್ರಣವನ್ನು ಉಸಿರಾಡುತ್ತಾರೆ. ಹೀಲಿಯಂ ಮಂಕು ಕವಿಸುವುದಿಲ್ಲ. ಹಾಗಾದರೆ ಸಾರಜನಕದ ಬದಲು ಆಮ್ಲಜನಕವನ್ನೇ ಹೆಚ್ಚಿಸಬಾರದೇಕೆ? ಕೂಡದು. ಆಮ್ಲಜನಕದ ಪಾಲಿನ ಒತ್ತಡ 1.4 ವಾಯುಭಾರ ದಾಟಿದರೆ ಅಪಾಯ ಏರುತ್ತ ಹೋಗಿ, ಮುನ್ಸೂಚನೆಯಿಲ್ಲದೆ ಅಪಸ್ಮಾರದಂಥ ಸೆಳವು ಬರಬಹುದು. ನೀರಿನಡಿ ಸೆಳವು ಬಂದರೆ ಬಾಯಿಯ ನಳಿಗೆ ಕಳಚುತ್ತದೆ. ನೂರಕ್ಕೆ 32 ಪಾಲು ಆಮ್ಲಜನಕವಿರುವ ಮಿಶ್ರಣ ತೈಲದ ಹಡಗಿನ ಬಳಿ ಒಳ್ಳೆಯದು, ಅಲ್ಲಿ ಅದರ ಪಾಲಿನ ಒತ್ತಡ 1.09 ಮಾತ್ರ. ಅದೇ ಸಿಲಿಂಡರನ್ನು ಹರ್ಮಿಸ್‌ಗೆ ಒಯ್ದರೆ 2.02. ಪ್ರಾಣವಾಯು ಪ್ರಾಣ ತೆಗೆಯುವ ಆಳವದು.

ಈಗ ಮೇಲೇರುವ ಮಾತು. ಇಲ್ಲಿ ಎರಡನೆಯ ನಿಯಮ ಬೇಕು. 1803ರಲ್ಲಿ ವಿಲಿಯಂ ಹೆನ್ರಿ ಕಂಡುಕೊಂಡದ್ದು: ದ್ರವದ ಮೇಲೆ ಅನಿಲದ ಒತ್ತಡ ಹೆಚ್ಚಿದಷ್ಟೂ ಅದು ದ್ರವದಲ್ಲಿ ಹೆಚ್ಚು ಕರಗುತ್ತದೆ. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಾಯಿ ಮುಚ್ಚಿರುವಷ್ಟು ಹೊತ್ತು ಬಾಟಲಿಯೊಳಗೆ ಗುಳ್ಳೆ ಇಲ್ಲ, ನೀರು ತಿಳಿ. ಗೋಲಿಯನ್ನು ಒತ್ತಿದ ಕ್ಷಣ ಒತ್ತಡ ಇಳಿದು ಬುಸ್ಸೆಂದು ನೊರೆ. ಆಳದಲ್ಲಿರುವ ಮುಳುಗುಗಾರನ ರಕ್ತ, ಕೊಬ್ಬು, ಕೀಲುಗಳೆಲ್ಲ ಸಾರಜನಕ ತುಂಬಿಕೊಂಡ ಸೋಡಾ. ನೆಲದ ಮೇಲೆ ನಮ್ಮ ಮೈಯಲ್ಲಿ ಕರಗಿರುವ ಸಾರಜನಕ ಸುಮಾರು ಒಂದು ಲೀಟರ್. ಆಳದಲ್ಲಿ ಅದು ಹೊತ್ತು ಕಳೆದಂತೆ ಏರುತ್ತದೆ. ಅವನು ಸರ್ರನೆ ಮೇಲೆ ಬಂದರೆ ಗೋಲಿ ಒತ್ತಿದಂತೆಯೇ. ಗುಳ್ಳೆಗಳು ಕೀಲಿನಲ್ಲಿ ಎದ್ದರೆ ತಡೆಯಲಾರದ ನೋವು, ಬೆನ್ನುಹುರಿಯಲ್ಲಿ ಎದ್ದರೆ ಲಕ್ವ, ಇನ್ನೂ ಕೆಟ್ಟದಾದರೆ ಸಾವು. ಬಾಯ್ಲ್ ಇದರ ಸುಳಿವನ್ನು 1670ರಲ್ಲೇ ಕಂಡಿದ್ದ. ಗಾಳಿ ತೆಗೆದ ಪಾತ್ರೆಯೊಳಗೆ ಹಾವೊಂದನ್ನು ಇಟ್ಟಾಗ ಅದರ ಕಣ್ಣಿನೊಳಗೆ ಗುಳ್ಳೆಯೊಂದು ಅತ್ತಿತ್ತ ಸರಿದಾಡುವುದನ್ನು ಅವನು ಬರೆದಿಟ್ಟಿದ್ದಾನೆ. ಅದು ಏನನ್ನು ಹೇಳುತ್ತಿದೆ ಎಂದು ತಿಳಿಯಲು ಇನ್ನೂರು ವರ್ಷ ಹಿಡಿಯಿತು.

ತಿಳಿಸಿಕೊಟ್ಟವರು ಮುಳುಗುಗಾರರಲ್ಲ, ಸೇತುವೆ ಕಟ್ಟಿದ ಕೂಲಿಗಳು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯ ತೋಡಲು ನದಿಯ ತಳಕ್ಕೆ ದೊಡ್ಡ ಮರದ ಪೆಟ್ಟಿಗೆಯನ್ನು ಬೋರಲಾಗಿ ಇಳಿಸಿ, ನೀರು ನುಗ್ಗದಂತೆ ಅದರೊಳಗೆ ಒತ್ತಡದ ಗಾಳಿ ತುಂಬಿದರು. ಒಂದು ಕಡೆ ಆ ಪೆಟ್ಟಿಗೆ ಇಳಿದ ಆಳ ಸುಮಾರು 24 ಮೀಟರ್, ನಮ್ಮ ತೈಲದ ಹಡಗಿನಷ್ಟೇ. ದುಡಿದು ಹೊರಗೆ ಬಂದ ಆಳುಗಳು ನೋವಿನಿಂದ ಬಾಗಿ ನಡೆಯುತ್ತಿದ್ದರು. ಆ ಬಾಗುವಿಕೆಯಿಂದಲೇ ರೋಗಕ್ಕೆ ‘ಬೆಂಡ್ಸ್’ ಎಂಬ ಹೆಸರು ಬಂತು. ಮುಖ್ಯ ಎಂಜಿನಿಯರು ವಾಷಿಂಗ್ಟನ್ ರೋಬ್ಲಿಂಗ್ ಕೂಡ 1872ರಲ್ಲಿ ಇದರಿಂದ ಹಾಸಿಗೆ ಹಿಡಿದ. ಅವನ ಹೆಂಡತಿ ಎಮಿಲಿ ಗಣಿತ, ಎಂಜಿನಿಯರಿಂಗ್ ಕಲಿತು ಕೆಲಸ ಮುಂದುವರಿಸಿದಳು. 1883ರಲ್ಲಿ ಸೇತುವೆ ತೆರೆಯಿತು. ಅಷ್ಟರಲ್ಲಿ, 1878ರಲ್ಲಿ, ಇದು ಸಾರಜನಕದ ಗುಳ್ಳೆಗಳ ಕೆಲಸ ಎಂದು ಫ್ರಾನ್ಸಿನ ಪಾಲ್ ಬೇರ್ ತೋರಿಸಿದ್ದ.

ಕಾರಣ ಗೊತ್ತಾಯಿತು, ಸರಿ. ಎಷ್ಟು ನಿಧಾನ ಬಂದರೆ ಸುರಕ್ಷಿತ? ಬ್ರಿಟಿಷ್ ನೌಕಾಪಡೆ ಈ ಪ್ರಶ್ನೆಯನ್ನು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿಗೆ ಒಪ್ಪಿಸಿತು. ಅವನು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಬೇರೆ ಬೇರೆ ವೇಗದಲ್ಲಿ ಒತ್ತಡ ಇಳಿಸಿ ನೋಡಿದ. ಆಡಿಗೆ ಮಾತು ಬಾರದು. ನೋವಾದಾಗ ಮುಂಗಾಲು ಮಡಚಿ ಎತ್ತಿ ಹಿಡಿಯುತ್ತಿತ್ತು. ಅದೇ ಅದರ ಉತ್ತರ. ಒತ್ತಡ ಅರ್ಧಕ್ಕೆ ಇಳಿಯುವವರೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ ಎಂಬುದು ಅವನಿಗೆ ಹೊಳೆಯಿತು. ಎರಡು ವಾಯುಭಾರದಿಂದ ಒಂದಕ್ಕೆ, ಆರರಿಂದ ಮೂರಕ್ಕೆ. ಅಲ್ಲಿ ನಿಂತು, ಮೈಯ ಸಾರಜನಕ ಉಸಿರಿನ ಮೂಲಕ ಹೊರಹೋಗಲು ಬಿಟ್ಟು, ಮತ್ತೆ ಸ್ವಲ್ಪ ಏರಿ, ಮತ್ತೆ ನಿಂತು. ಮೈಯ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಾರಜನಕವನ್ನು ತುಂಬಿಕೊಳ್ಳುವುದಿಲ್ಲ, ಬಿಡುವುದೂ ಇಲ್ಲ. ರಕ್ತ, ಮೆದುಳು ಬೇಗ. ಕೊಬ್ಬು, ಕೀಲು ನಿಧಾನ. ಅದಕ್ಕೆ ಅವನು ಮೈಯನ್ನು ಲೆಕ್ಕದ ಅನುಕೂಲಕ್ಕಾಗಿ ಐದು ಪಾಲು ಮಾಡಿ, 5, 10, 20, 40, 75 ನಿಮಿಷಗಳ ‘ಅರ್ಧಾವಧಿ’ ಕೊಟ್ಟ. ಇಪ್ಪತ್ತು ನಿಮಿಷದ ಪಾಲು ಇಪ್ಪತ್ತು ನಿಮಿಷದಲ್ಲಿ ಅರ್ಧ ತುಂಬುತ್ತದೆ, ನಲವತ್ತರಲ್ಲಿ ಮುಕ್ಕಾಲು, ಅರುವತ್ತರಲ್ಲಿ ಎಂಟರಲ್ಲಿ ಏಳು ಪಾಲು. ವಿಕಿರಣ ವಸ್ತುಗಳ ಪಾಠದಲ್ಲಿ ಬರುವ ಅದೇ ಗಣಿತ. 1908ರಲ್ಲಿ ಪ್ರಕಟವಾದ ಅವನ ಕೋಷ್ಟಕಗಳನ್ನು ಆಮೇಲಿನವರು ತಿದ್ದಿದ್ದಾರೆ, ಹಿಗ್ಗಿಸಿದ್ದಾರೆ. ಇಂದು ಮುಳುಗುಗಾರರು ಮುಂಗೈಗೆ ಕಟ್ಟಿಕೊಳ್ಳುವ ಗಡಿಯಾರದಂಥ ಕಂಪ್ಯೂಟರು ಕ್ಷಣಕ್ಷಣಕ್ಕೂ ಹಾಕುತ್ತಿರುವುದು ಬಹುಮಟ್ಟಿಗೆ ಆ ಆಡುಗಳು ಕಲಿಸಿದ ಲೆಕ್ಕವನ್ನೇ.

ಈ ಹಾಲ್ಡೇನನ ಮಗ ನಮಗೆ ಅಪರಿಚಿತನಲ್ಲ. ಜೆ.ಬಿ.ಎಸ್. ಹಾಲ್ಡೇನ್. 1939ರಲ್ಲಿ ಥೆಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತಾಗ, ಅಂಥ ಕಡೆಯಿಂದ ತಪ್ಪಿಸಿಕೊಳ್ಳುವ ಬಗೆ ತಿಳಿಯಲು ಈತ ತಾನೇ ಒತ್ತಡದ ಕೋಣೆ ಹೊಕ್ಕು ಕುಳಿತ. ಆಮ್ಲಜನಕದ ಸೆಳವನ್ನು ಅನುಭವಿಸಿ ನೋಡಿದ, ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡ. ತಂದೆ ಆಡುಗಳನ್ನು ಕೂಡಿಸಿದ ಜಾಗದಲ್ಲಿ ಮಗ ತನ್ನನ್ನೇ ಕೂಡಿಸಿಕೊಂಡ ಎನ್ನಬಹುದು. 1957ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದ, 1961ರಲ್ಲಿ ಭಾರತೀಯ ಪೌರನಾದ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ಅವನ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.

ಮತ್ತೆ ಬ್ಯಾಟಿಕಲೋವಾದ ಕಡಲಿಗೆ. ದೋಣಿಯಿಂದ ಇಳಿಬಿಟ್ಟ ಹಗ್ಗದ ಗುಂಟ ಇಳಿಯುವಾಗ ಮೊದಲು ಕಳೆದುಹೋಗುವುದು ಕೆಂಪು ಬಣ್ಣ. ಹತ್ತು ಮೀಟರ್ ದಾಟುವಷ್ಟರಲ್ಲಿ ನೀರು ಕೆಂಪು ಬೆಳಕನ್ನು ಬಹುಮಟ್ಟಿಗೆ ಹೀರಿಬಿಟ್ಟಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕೆಳಗೆ ಉಳಿಯುವುದು ನೀಲಿ ಮಬ್ಬು. ಎಂಟು ದಶಕಗಳ ತುಕ್ಕು ಅಲ್ಲಿ ಬೂದಿಯ ಬಣ್ಣಕ್ಕಿರುತ್ತದೆ, ಬ್ಯಾಟರಿ ಹಾಯಿಸಿದ ಕಡೆ ಮಾತ್ರ ಕೆಂಪಗೆ ಎದ್ದು ಬರುತ್ತದೆ. ಕನ್ನಡಕದೊಳಗಿನ ಗಾಳಿಗೂ ಹೊರಗಿನ ನೀರಿಗೂ ನಡುವೆ ಬೆಳಕು ಬಾಗುವುದರಿಂದ ವಸ್ತುಗಳೆಲ್ಲ ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತವೆ. ಮೊದಲೇ ದೊಡ್ಡದಾದ ಹಡಗು ಇನ್ನೂ ದೊಡ್ಡದು. ಶಬ್ದ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಬರುವುದರಿಂದ ಯಾವ ದಿಕ್ಕಿನಿಂದ ಬಂತು ಎಂದು ಕಿವಿಗೆ ತಿಳಿಯದು. ವಿಮಾನಗಳನ್ನು ಹೊಡೆಯಲೆಂದು ಇಟ್ಟ ತೋಪುಗಳ ಮೇಲೆ, ಹಿಂಬದಿಯ ಭಾರಿ ಪ್ರೊಪೆಲರಿನ ಮೇಲೆ ಕಡಲ ಜೀವಿಗಳು ಮನೆ ಮಾಡಿವೆ. ಮರಳಿನ ಬಯಲಿನಲ್ಲಿ ಗಟ್ಟಿ ಆಸರೆ ಸಿಗುವುದೇ ಅಪರೂಪ. ಹಾಗಾಗಿ ಮುಳುಗಿದ ಉಕ್ಕು ಮೀನುಗಳಿಗೆ ಊರು.

ಇಪ್ಪತ್ತು ನಿಮಿಷ ಮುಗಿಯಿತು. ಹಗ್ಗ ಹುಡುಕಿ, ನಿಮಿಷಕ್ಕೆ ಒಂಬತ್ತು ಹತ್ತು ಮೀಟರಿಗಿಂತ ಹೆಚ್ಚಿಲ್ಲದ ವೇಗದಲ್ಲಿ ಏರಿಕೆ. ಮೊದಲ ನಿಲುಗಡೆಗಳು ಚಿಕ್ಕವು, ಒಂದೆರಡು ನಿಮಿಷ. 21 ಮೀಟರಿನ ಹತ್ತಿರ ಬಂದಾಗ ಅರ್ಧದಷ್ಟು ಆಮ್ಲಜನಕವಿರುವ ಬೇರೆ ಸಿಲಿಂಡರಿಗೆ ಬಾಯಿ ಬದಲಾವಣೆ. ಕೊನೆಗೆ 6 ಮೀಟರಿನಲ್ಲಿ ಶುದ್ಧ ಆಮ್ಲಜನಕ. ಸಾರಜನಕವೇ ಇಲ್ಲದ ಉಸಿರು ಎಳೆದರೆ ಮೈಯೊಳಗಿನದು ಬೇಗ ಖಾಲಿಯಾಗುತ್ತದೆ ಎಂಬ ಉಪಾಯ. (ಇದೇ ಶುದ್ಧ ಆಮ್ಲಜನಕವನ್ನು ಹಡಗಿನ ಬಳಿ ಬಾಯಿಗಿಟ್ಟರೆ ಏನಾದೀತು ಎಂಬುದನ್ನು ವಿದ್ಯಾರ್ಥಿಗಳು ಮೇಲಿನ ಲೆಕ್ಕದಿಂದ ತಾವೇ ಹೇಳಬಹುದು. ಸಿಲಿಂಡರುಗಳ ಮೇಲೆ ದಪ್ಪಕ್ಷರದಲ್ಲಿ ಆಳವನ್ನು ಬರೆದಿರುವುದು ಅದಕ್ಕೇ.) ಆರು ಮೀಟರಿನ ಈ ನಿಲುಗಡೆಯೇ ಎಲ್ಲಕ್ಕಿಂತ ದೀರ್ಘ. ಅಲೆ ತೂಗುತ್ತಿರುತ್ತದೆ, ಸೆಳೆತ ಎಳೆಯುತ್ತಿರುತ್ತದೆ, ಮಾತಿಲ್ಲ. ಬೆಚ್ಚಗಿದ್ದ ನೀರೂ ಈಗ ಚಳಿ ಹುಟ್ಟಿಸುತ್ತದೆ. ನೀರು ಮೈಯ ಶಾಖವನ್ನು ಗಾಳಿಗಿಂತ ಇಪ್ಪತ್ತೈದು ಪಟ್ಟು ಬೇಗ ಸಾಗಿಸುತ್ತದೆ, ಮತ್ತು 28 ಡಿಗ್ರಿ ಎಂಬುದು ಮೈಯ 37ಕ್ಕಿಂತ ಕಡಿಮೆಯೇ. ಆತುರಗಾರರಿಗೆ ಈ ಹವ್ಯಾಸ ಹೇಳಿದ್ದಲ್ಲ.

ಅಲ್ಲಿಂದ ನೆನಪಿಗಾಗಿ ಏನನ್ನಾದರೂ ಎತ್ತಿ ತರಬಹುದೆ? ಸಭ್ಯ ಮುಳುಗುಗಾರರು ತರುವುದಿಲ್ಲ. ಮುಳುಗಿದ ಮಾತ್ರಕ್ಕೆ ಯುದ್ಧನೌಕೆ ಅನಾಥವಾಗುವುದಿಲ್ಲ. ಅದು ಆಯಾ ದೇಶದ ಸರಕಾರದ್ದೇ ಎಂಬುದು ಸಾಮಾನ್ಯ ನಿಯಮ. ಅದಕ್ಕಿಂತ ಮುಖ್ಯವಾಗಿ ಅದು 307 ಮಂದಿಯ ಸಾವು ಕಂಡ ಜಾಗ, ಸಮಾಧಿ. ರಸಾಯನಶಾಸ್ತ್ರವೂ ‘ಮುಟ್ಟಬೇಡ’ ಎನ್ನುತ್ತದೆ. ಬೆಚ್ಚನೆಯ ಕಡಲಿನಲ್ಲಿ ಉಕ್ಕು ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತದೆ. ಮೇಲೆ ಕಟ್ಟಿದ ಸುಣ್ಣದ ಚಿಪ್ಪು ಆಮ್ಲಜನಕವನ್ನು ತಡೆದು ಆ ಸವೆತವನ್ನು ನಿಧಾನಿಸುತ್ತದೆ. ಚಿಪ್ಪು ಒಡೆದಲ್ಲಿ ತುಕ್ಕು ಮತ್ತೆ ಚುರುಕಾಗುತ್ತದೆ. ಕಳ್ಳರಿಗೆ ಇದೆಲ್ಲ ಬೇಕಿಲ್ಲ. 1942ರಲ್ಲೇ ಜಾವಾ ಸಮುದ್ರದಲ್ಲಿ ಮುಳುಗಿದ್ದ ಡಚ್ಚರ ಡಿ ರೂಯ್ಟರ್ ಮತ್ತು ಜಾವಾ ಎಂಬ ಯುದ್ಧನೌಕೆಗಳನ್ನು ನೋಡಲು 2016ರಲ್ಲಿ ಮುಳುಗುಗಾರರು ಹೋದಾಗ, ತಳದಲ್ಲಿ ಹಡಗಿನ ಆಕಾರದ ಕುಳಿಗಳು ಮಾತ್ರ ಇದ್ದವು. ಹಡಗುಗಳನ್ನು ಗುಜರಿಗಾಗಿ ತುಂಡು ತುಂಡಾಗಿ ಎತ್ತಿಕೊಂಡು ಹೋಗಿದ್ದರು, ಒಳಗಿದ್ದವರ ಮೂಳೆಗಳ ಸಮೇತ.

ಹರ್ಮಿಸ್‌ಗೆ ಹೋಗುವವರು ಎಲ್ಲೋ ಕೆಲವರು. ಆದರೆ ಮುರ್ಡೇಶ್ವರದಿಂದ ನೇತ್ರಾಣಿ ನಡುಗಡ್ಡೆಗೋ ಅಂಡಮಾನಿಗೋ ರಜೆಯಲ್ಲಿ ಹೋಗಿ, ತರಬೇತುದಾರನ ಕೈಹಿಡಿದು ಹತ್ತಿಪ್ಪತ್ತು ನಿಮಿಷ ನೀರಿಗಿಳಿಯುವ ಕುಟುಂಬಗಳು ಈಗ ಬಹಳ. ಇಂಥ ಪ್ರಥಮ ಅನುಭವಕ್ಕೆ ಹತ್ತು ವರ್ಷ ತುಂಬಿರಬೇಕು, 12 ಮೀಟರ್ ದಾಟಬಾರದು ಎಂಬುದು ಅಂತರರಾಷ್ಟ್ರೀಯ ಸಂಸ್ಥೆಗಳ ಕಟ್ಟಳೆ. ಆಳ ಕಡಿಮೆಯಾದ್ದರಿಂದ ಸಾರಜನಕದ ಚಿಂತೆ ಹೆಚ್ಚಿಲ್ಲ. ಆದರೆ ಬಾಯ್ಲ್ ಅಲ್ಲೂ ಕಾದಿರುತ್ತಾನೆ, ಇನ್ನೂ ಚುರುಕಾಗಿ. 53ರಿಂದ 43 ಮೀಟರಿಗೆ ಏರಿದರೆ ಎದೆಯ ಗಾಳಿ ಹಿಗ್ಗುವುದು ಐದನೇ ಒಂದು ಭಾಗದಷ್ಟು ಮಾತ್ರ. ಹತ್ತು ಮೀಟರಿನಿಂದ ಮೇಲ್ಮೈಗೆ ಬಂದರೆ ಅದು ದುಪ್ಪಟ್ಟಾಗುತ್ತದೆ. ಹೆದರಿ, ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದವನ ಶ್ವಾಸಕೋಶ ಹರಿಯಬಹುದು. ತುಂಬಿದ ಎದೆಗೆ ಇದಾಗಲು ಒಂದೂಕಾಲು ಮೀಟರ್ ಏರಿಕೆಯೂ ಸಾಕು, ಅಂದರೆ ಈಜುಕೊಳದಲ್ಲೂ. ಆದ್ದರಿಂದ ಮಗು ಕಲಿಯಬೇಕಾದ ಮೊದಲ ಪಾಠ: ನೀರಿನಡಿ ಸಿಲಿಂಡರಿನ ಗಾಳಿ ಉಸಿರಾಡುವಾಗ ಒಂದು ಕ್ಷಣವೂ ಉಸಿರು ಹಿಡಿಯಕೂಡದು.

ತಂದೆತಾಯಿಗಳು ಹಣ ಕಟ್ಟುವ ಮೊದಲು ಕೇಳಬೇಕಾದ್ದು ಫೋಟೋ, ವಿಡಿಯೋ ಕೊಡುತ್ತಾರೆಯೇ ಎಂದಲ್ಲ. ಒಬ್ಬ ತರಬೇತುದಾರನಿಗೆ ಎಷ್ಟು ಮಕ್ಕಳು? ಅವನ ಪ್ರಮಾಣಪತ್ರ ಯಾವುದು? ದೋಣಿಯಲ್ಲಿ ಆಮ್ಲಜನಕದ ಪೆಟ್ಟಿಗೆ ಇದೆಯೆ? ಆಪತ್ತಾದರೆ ಒತ್ತಡದ ಕೋಣೆಯಿರುವ ಆಸ್ಪತ್ರೆ ಎಲ್ಲಿದೆ? ಈ ಪ್ರಶ್ನೆಗಳಿಗೆ ಸಿಡುಕುವವರಿಂದ ದೂರ ಇರುವುದು ಮೇಲು. ಮಗುವಿಗೆ ಉಬ್ಬಸವೋ ಹೃದಯದ ತೊಂದರೆಯೋ ಇದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ವೈದ್ಯರನ್ನು ಕೇಳಬೇಕು. ನೆಗಡಿಯಿದ್ದ ದಿನ ನೀರಿಗಿಳಿಸಲೇ ಬಾರದು. ಮೂಗು ಕಟ್ಟಿದ್ದರೆ ಕಿವಿಯ ಹಿಂದಿನ ಗಾಳಿಗೆ ದಾರಿ ಇಲ್ಲದೆ ತಮಟೆ ಹರಿಯಬಹುದು. ಇನ್ನು ಮನೆಗೆ ಮರಳುವ ಟಿಕೇಟು. ಹಾರುವ ವಿಮಾನದೊಳಗಿನ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆ. ಗೋಲಿಯನ್ನು ಇನ್ನಷ್ಟು ಒತ್ತಿದಂತೆ. ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಳೆಯುವ ಮುನ್ನ ವಿಮಾನ ಹತ್ತಬಾರದು. ಅಂಡಮಾನಿನ ಪ್ರವಾಸದಲ್ಲಿ ಕೊನೆಯ ದಿನವನ್ನು ಸೆಲ್ಯುಲರ್ ಜೈಲು ನೋಡಲು ಇಟ್ಟುಕೊಂಡರೆ ಆಯಿತು.